ಸುದ್ದಿಯಲ್ಲಿ ಕೇಳುವ ಇಂಗ್ಲಿಷ್ ಪದ ಎಲ್ಲಿಂದ ಬಂತು? ನೀವೇ ಹುಡುಕುವ ದಾರಿ

ಬಜೆಟ್, ಟ್ಯಾರಿಫ್, ಡ್ರೋನ್, ವಿಪ್, ಸೈಕ್ಲೋನ್. ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಇವು ದಿನಾ ಹಾದುಹೋಗುತ್ತವೆ. ಇವುಗಳ ಹುಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಕಥೆಗಳಿಗೇನೂ ಬರ ಇಲ್ಲ. ‘ನ್ಯೂಸ್’ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್, ಅಂದರೆ ನಾಲ್ಕೂ ದಿಕ್ಕಿನಿಂದ ಬರುವುದು ಅಂತ ಶಾಲೆಯಲ್ಲೇ ಹೇಳಿಕೊಟ್ಟ ಮೇಷ್ಟ್ರುಗಳಿದ್ದಾರೆ. ಕೇಳಲು ಚೆಂದ, ಆದರೆ ಸುಳ್ಳು. ‘ನ್ಯೂ’ ಅಂದರೆ ಹೊಸದು. ಅದರ ಬಹುವಚನ ‘ನ್ಯೂಸ್’, ಹೊಸ ಸಂಗತಿಗಳು. ಫ್ರೆಂಚರು ಸುದ್ದಿಗೆ ‘ನುವೆಲ್’ ಅನ್ನುತ್ತಿದ್ದರು, ಅದೇ ಮಾದರಿಯಲ್ಲಿ ಇಂಗ್ಲಿಷರೂ ಮಾಡಿಕೊಂಡರು. ಅಷ್ಟೇ ವಿಷಯ.

ಯಾವ ಕಥೆ ನಿಜ, ಯಾವುದು ಸುಮ್ನೆ ಹೆಣೆದದ್ದು ಅಂತ ನೀವೇ ಪರೀಕ್ಷೆ ಮಾಡಬಹುದು. ಒಂದು ಫೋನ್ ಮತ್ತು ಅರ್ಧ ಗಂಟೆ ಸಮಯ ಸಾಕು. ಭಾಷಾಶಾಸ್ತ್ರ ಓದಿರಬೇಕು ಅಂತೇನಿಲ್ಲ. ಒಂದು ವಿಷಯ ಮಾತ್ರ ಶುರುವಿನಲ್ಲೇ ಹೇಳಿಬಿಡುತ್ತೇನೆ. ಪದದ ಹುಟ್ಟೂರು ಯಾವುದು ಅನ್ನುವುದಕ್ಕಿಂತ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದೇ ಹೆಚ್ಚು ಹೇಳುತ್ತದೆ. ಕೆಳಗಿನ ಹಂತಗಳೆಲ್ಲ ಆ ದಾರಿ ಕಂಡುಹಿಡಿಯುವುದಕ್ಕೆ.

ಹಂತ 1: ಯಾವ ಅರ್ಥದ ಮೂಲ ಬೇಕು ಅಂತ ಗೊತ್ತುಮಾಡಿಕೊಳ್ಳಿ

ಜನ ಜಾಸ್ತಿ ದಾರಿ ತಪ್ಪುವುದು ಇಲ್ಲೇ. ಪದವನ್ನು ನೇರವಾಗಿ ನಿಘಂಟಿನಲ್ಲಿ ಹಾಕಿ, ಮೊದಲು ಸಿಕ್ಕ ಮೂಲವನ್ನು ಹಿಡಿದುಕೊಂಡುಬಿಡುತ್ತಾರೆ. ಅದಕ್ಕೆ ಮೊದಲು ಸುದ್ದಿಯ ಆ ಪೂರ್ತಿ ವಾಕ್ಯವನ್ನು ಬರೆದಿಟ್ಟುಕೊಳ್ಳಿ.

‘ವಿಪ್’ ತೆಗೆದುಕೊಳ್ಳಿ. 2019ರ ಜುಲೈನಲ್ಲಿ ವಿಧಾನಸೌಧದಲ್ಲಿ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಎಳೆದಾಗ ಕನ್ನಡ ಚಾನೆಲ್‌ಗಳಲ್ಲಿ ಈ ಪದ ನೂರಾರು ಸಲ ಬಂತು. ನಿಘಂಟು ತೆರೆದರೆ ‘ಚಾವಟಿ’ ಅಂತ ಸಿಗುತ್ತದೆ. ಪಕ್ಷದ ಆದೇಶಕ್ಕೆ ಚಾವಟಿ ಅನ್ನುವ ಹೆಸರು ಯಾಕೆ? ಹೆದರಿಸುವುದಕ್ಕೆ ಅಂತ ಊಹಿಸಿ ಸುಮ್ಮನಾಗುವವರೇ ಹೆಚ್ಚು. ನಿಜವಾದ ಮೂಲ ಇಂಗ್ಲೆಂಡಿನ ನರಿ ಬೇಟೆಯಲ್ಲಿದೆ. ಬೇಟೆನಾಯಿಗಳ ಹಿಂಡು ಚದುರಿ ಹೋಗದಂತೆ ಚಾವಟಿ ಹಿಡಿದು ನೋಡಿಕೊಳ್ಳುವ ಆಳಿಗೆ ‘ವಿಪ್ಪರ್-ಇನ್’ ಅನ್ನುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನವರು, ತಮ್ಮ ಕಡೆಯ ಸದಸ್ಯರನ್ನು ಮತದಾನಕ್ಕೆ ಒಟ್ಟುಹಾಕಿ ತರುವವನಿಗೆ ಅದೇ ಹೆಸರು ಇಟ್ಟರು. ಆಮೇಲೆ ಅದು ಮೊಟಕಾಗಿ ‘ವಿಪ್’ ಆಯಿತು. ರೆಸಾರ್ಟ್‌ನಲ್ಲಿ ಕೂತ ಶಾಸಕರಿಗೆ ಈ ಮೂಲ ಯಾರೂ ಹೇಳದಿರುವುದೇ ಒಳ್ಳೆಯದು. ಚಾವಟಿ ಅನ್ನುವ ಪದದ ಮೂಲ ಬೇರೆ, ಪಕ್ಷದ ಆದೇಶ ಅನ್ನುವ ಅರ್ಥದ ಮೂಲ ಬೇರೆ. ನಿಮಗೆ ಬೇಕಾದದ್ದು ಎರಡನೆಯದು.

ಒಂದೇ ತರಹ ಕಾಣುವ ಎರಡು ಬೇರೆ ಪದಗಳೂ ಇರುತ್ತವೆ. ‘ಬೈ-ಎಲೆಕ್ಷನ್’ನಲ್ಲಿರುವ ‘ಬೈ’ ಅಂದರೆ ಪಕ್ಕದ್ದು, ಉಪ. ಬೆಂಗಳೂರಿನ ಕಟ್ಟಡಗಳ ಸುದ್ದಿಯಲ್ಲಿ ಬರುವ ‘ಬೈಲಾ’ದ ‘ಬೈ’ಗೆ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ ನಂಟಿದೆ. ಅಲ್ಲಿ ‘ಬೈ’ ಅಂದರೆ ಊರು. ಬೈಲಾ ಅಂದರೆ ಊರಿನ ಕಟ್ಟಳೆ.

ಹಂತ 2: ಎಲ್ಲಿ ನೋಡಬೇಕು

ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಅನ್ನುವ ತಾಣ ಇದೆ, ಉಚಿತ. ಎಟಿಮ್‌ಆನ್‌ಲೈನ್ ಅಂತ ಹುಡುಕಿದರೂ ಸಿಗುತ್ತದೆ. ಡಗ್ಲಸ್ ಹಾರ್ಪರ್ ಎನ್ನುವವರು ಕಟ್ಟಿದ್ದು. ಇಂಗ್ಲಿಷಿನಲ್ಲಿ ಪದ ಮೊದಲು ಕಾಣಿಸಿದ ಕಾಲ, ಬಂದ ಭಾಷೆ, ಅರ್ಥ ಬದಲಾದ ವರ್ಷ, ಎಲ್ಲ ಒಂದೇ ಪ್ಯಾರಾದಲ್ಲಿ ಇರುತ್ತದೆ. ಮೊದಲು ಇಲ್ಲಿಗೇ ಹೋಗಿ.

ಎರಡನೆಯದು ಮೆರಿಯಮ್-ವೆಬ್‌ಸ್ಟರ್. ಅದರಲ್ಲಿ ‘ಮೊದಲ ಬಳಕೆ’ಯ ವರ್ಷ ಬೇರೆಯಾಗಿ ಕೊಟ್ಟಿರುತ್ತಾರೆ. ಎಟಿಮ್‌ಆನ್‌ಲೈನ್‌ಗೂ ಇದಕ್ಕೂ ವರ್ಷದಲ್ಲಿ ವ್ಯತ್ಯಾಸ ಇದ್ದರೆ ಗಾಬರಿ ಬೇಡ. ಹಳೆಯ ಪುಸ್ತಕಗಳು ಡಿಜಿಟಲ್ ಆದಂತೆ ಮೊದಲ ಬಳಕೆಯ ವರ್ಷ ಹಿಂದೆ ಹಿಂದೆ ಸರಿಯುತ್ತಲೇ ಇರುತ್ತದೆ.

ಮೂರನೆಯದು ಎಲ್ಲಕ್ಕೂ ದೊಡ್ಡಣ್ಣ, ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು ಅಚ್ಚಾದದ್ದು 1884ರಲ್ಲಿ, ಮೊದಲ ಆವೃತ್ತಿ ಪೂರ್ತಿಯಾದದ್ದು 1928ರಲ್ಲಿ. ಪ್ರತಿ ಅರ್ಥಕ್ಕೂ ಹಳೆಯ ಬರಹಗಳಿಂದ ಎತ್ತಿದ ಸಾಲುಗಳು ತಾರೀಖಿನ ಸಮೇತ ಇರುವುದೇ ಇದರ ಶಕ್ತಿ. ಆನ್‌ಲೈನ್‌ನಲ್ಲಿ ಪೂರ್ತಿ ನೋಡಲು ಚಂದಾ ಕಟ್ಟಬೇಕು. ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಿಚಾರಿಸಿ.

ನಮ್ಮವರಿಗೆ ಇನ್ನೊಂದು ಬೇಕೇಬೇಕು, ಹಾಬ್ಸನ್-ಜಾಬ್ಸನ್. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಮಾಡಿದ ನಿಘಂಟು. ಇಂಡಿಯಾದಿಂದ ಇಂಗ್ಲಿಷಿಗೆ ಹೋದ ಪದಗಳ ದೊಡ್ಡ ಕಣಜ. ಬರ್ನೆಲ್ ಮಂಗಳೂರಿನಲ್ಲೂ ಜಡ್ಜ್ ಆಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಸಾಮಗ್ರಿ ಕೂಡಿಹಾಕಿದವನು. ಹಾಗಾಗಿ ಕರಾವಳಿಯ ಪದಗಳು ಇದರಲ್ಲಿ ಚೆನ್ನಾಗಿ ಸಿಗುತ್ತವೆ. ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಓದಬಹುದು. ಓದಲು ಕೂತರೆ ಏಳಲು ಮನಸ್ಸು ಬರುವುದಿಲ್ಲ, ಎಚ್ಚರ.

ಗೂಗಲ್ ಎನ್‌ಗ್ರಾಮ್ ಬಗ್ಗೆ ಒಂದು ಮಾತು. ಯಾವ ಕಾಲದ ಪುಸ್ತಕಗಳಲ್ಲಿ ಪದ ಎಷ್ಟು ಬಳಕೆಯಾಗಿತ್ತು ಅಂತ ಅದು ಗೆರೆ ಎಳೆದು ತೋರಿಸುತ್ತದೆ. ಏರಿಳಿತ ನೋಡಲು ಚೆನ್ನಾಗಿದೆ. ಹುಟ್ಟಿದ ವರ್ಷಕ್ಕೆ ಮಾತ್ರ ಅದನ್ನು ನಂಬಬೇಡಿ. ಹಳೆಯ ಅಕ್ಷರಗಳನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ, ಪುಸ್ತಕದ ವರ್ಷವೇ ಎಷ್ಟೋ ಕಡೆ ತಪ್ಪಾಗಿ ನಮೂದಾಗಿರುತ್ತದೆ.

ಹಂತ 3: ನಿಘಂಟಿನ ಸಾಲನ್ನು ಬಿಡಿಸಿ ಓದಿ

ಮೂಲ ಹೇಳುವ ಸಾಲು ನೋಡಲು ಒಗಟಿನ ತರಹ ಇರುತ್ತದೆ. ಓದುವ ಕ್ರಮ ಒಂದು ಸಲ ಗೊತ್ತಾದರೆ ಸಲೀಸು. ಈಚೆಗೆ ಎಲ್ಲರ ಬಾಯಲ್ಲೂ ಓಡಾಡಿದ ‘ಟ್ಯಾರಿಫ್’ ಅನ್ನೇ ನೋಡೋಣ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು 50 ಪರ್ಸೆಂಟ್‌ಗೆ ಏರಿಸಿದಾಗ ಹಳ್ಳಿಕಟ್ಟೆಯಲ್ಲೂ ಈ ಪದ ಕೇಳಿಬಂತು.

ಮೊದಲು ಹಂತ 1ನ್ನು ಇಲ್ಲಿ ಹಚ್ಚಿ. ಅಮೆರಿಕದ ಸುದ್ದಿಯಲ್ಲಿ ಟ್ಯಾರಿಫ್ ಅಂದರೆ ಆಮದು ಸುಂಕ. ಆದರೆ ನಮ್ಮ ಕರೆಂಟ್ ಬಿಲ್ಲಿನ ಸುದ್ದಿಯಲ್ಲಿ ‘ಕೆಇಆರ್‌ಸಿ ಟ್ಯಾರಿಫ್ ಆದೇಶ’ ಅಂತ ಬರುತ್ತದೆ. ಕೆಇಆರ್‌ಸಿ ಅಂದರೆ ಕರೆಂಟ್ ದರ ಗೊತ್ತುಮಾಡುವ ರಾಜ್ಯದ ಆಯೋಗ. ಅಲ್ಲಿ ಟ್ಯಾರಿಫ್ ಅಂದರೆ ದರಪಟ್ಟಿ. ಎರಡರಲ್ಲಿ ಹಳೆಯದು ಯಾವುದು?

ಈಗ ನಿಘಂಟು ತೆರೆಯಿರಿ. ಇಂಗ್ಲಿಷಿಗೆ ಬಂದದ್ದು 1590ರ ದಶಕದಲ್ಲಿ ಅಂತ ಇರುತ್ತದೆ. ಅದರ ಹಿಂದೆ ಇಟಾಲಿಯನ್ ‘ತಾರಿಫ’, ಅಂದರೆ ದರದ ಪಟ್ಟಿ. ಅದರ ಹಿಂದೆ ಮಧ್ಯಯುಗದ ಲ್ಯಾಟಿನ್. ಅದರ ಹಿಂದೆ ಅರಬ್ಬಿ ‘ತಅರೀಫ್’, ಅಂದರೆ ತಿಳಿಸುವುದು, ಪ್ರಕಟಣೆ. ಅರಬ್ಬಿಯಲ್ಲಿ ‘ಅರಫ’ ಅಂದರೆ ತಿಳಿ. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಮೆಡಿಟರೇನಿಯನ್ ಬಂದರುಗಳಲ್ಲಿ ಯಾವ ಸರಕಿಗೆ ಎಷ್ಟು ಕಟ್ಟಬೇಕು ಅಂತ ತಿಳಿಸುವ ಪಟ್ಟಿ ಇರುತ್ತಿತ್ತು. ಪಟ್ಟಿಯ ಹೆಸರೇ ಕೊನೆಗೆ ಸುಂಕದ ಹೆಸರಾಯಿತು. ಅಂದರೆ ನಮ್ಮ ಕೆಇಆರ್‌ಸಿಯ ಬಳಕೆಯೇ ಹಳೆಯ ಅರ್ಥಕ್ಕೆ ಹತ್ತಿರ.

ಇನ್ನೂ ಒಂದು ಸ್ವಾರಸ್ಯ ಇದೆ. ಅದೇ ಅರಬ್ಬಿ ಪದ ಪರ್ಷಿಯನ್ ದಾರಿ ಹಿಡಿದು ಉರ್ದು, ಹಿಂದಿಗೆ ಬಂದು ‘ತಾರೀಫ್’ ಆಯಿತು. ಒಬ್ಬರ ಗುಣ ತಿಳಿಸುವುದು, ಅಲ್ಲಿಂದ ಹೊಗಳುವುದು. ಉತ್ತರ ಕರ್ನಾಟಕದಲ್ಲಿ ‘ಭಾಳ ತಾರೀಫ್ ಮಾಡಿದ್ರು’ ಅನ್ನುವಾಗ ಬಳಸುವುದು ಇದನ್ನೇ. ಟ್ರಂಪ್ ಹಾಕಿದ ಟ್ಯಾರಿಫ್ಫೂ ಹುಬ್ಬಳ್ಳಿಯ ತಾರೀಫೂ ಒಡಹುಟ್ಟಿದವು. ಒಂದು ಪಶ್ಚಿಮಕ್ಕೆ ಹೋಯಿತು, ಇನ್ನೊಂದು ಪೂರ್ವಕ್ಕೆ ಬಂತು. ಸ್ಪೇನ್‌ನ ತಾರಿಫ ಅನ್ನುವ ಊರಿನಿಂದ ಈ ಪದ ಬಂತು ಅಂತಲೂ ಒಂದು ಕಥೆ ಇದೆ. ಆ ಊರಿನ ಹೆಸರು ಬಂದದ್ದು ತಾರಿಫ್ ಇಬ್ನ್ ಮಾಲಿಕ್ ಎಂಬ ದಂಡನಾಯಕನಿಂದ. ಸುಂಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಓದುವಾಗ ಎರಡು ಗುರುತು ಗಮನಿಸಿ. ಪದದ ಮುಂದೆ ನಕ್ಷತ್ರದ ಚಿಹ್ನೆ ಇದ್ದರೆ ಅದು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ಪಂಡಿತರು ಹೋಲಿಕೆಯಿಂದ ಕಟ್ಟಿದ ರೂಪ ಅಂತ ಅರ್ಥ. ‘ಪಿಐಇ’ ಅನ್ನುವ ಮೂರಕ್ಷರ ಕಂಡರೆ ಅದು ಪ್ರೋಟೋ-ಇಂಡೋ-ಯುರೋಪಿಯನ್. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ಮೂಲವಾದ, ಬರಹ ಇಲ್ಲದ ಭಾಷೆ. ಇಲ್ಲಿಂದ ಮುಂದೆ ಒಂದು ಹಳ್ಳ ಇದೆ, ಹಂತ 7ರಲ್ಲಿ ನೋಡೋಣ.

ಹಂತ 4: ಬಂದ ದಾರಿಯನ್ನು ನಕ್ಷೆಯ ಮೇಲೆ ಗುರುತು ಮಾಡಿ

ಮೆಟ್ಟಿಲುಗಳು ಸಿಕ್ಕ ಮೇಲೆ ಭೂಪಟ ತೆರೆದು ನೋಡಿ. ಯಾವ ಭಾಷೆ ಯಾವ ಭಾಷೆಯಿಂದ ತಗೊಂಡಿತು ಅನ್ನುವುದು ಯಾರು ಯಾರ ಜೊತೆ ವ್ಯಾಪಾರ ಮಾಡಿದರು, ಯಾರನ್ನು ಯಾರು ಆಳಿದರು ಅನ್ನುವುದರ ಲೆಕ್ಕವೂ ಹೌದು. ದುಡ್ಡಿನ ಪದಗಳು ಇಟಲಿಯನ್ನು ತೋರಿಸುತ್ತವೆ. ‘ಬ್ಯಾಂಕ್’ ಹಿಂದೆ ಹಣ ವಿನಿಮಯ ಮಾಡುವವನ ಬೆಂಚು, ‘ಬ್ಯಾಂಕ್ರಪ್ಟ್’ ಹಿಂದೆ ಮುರಿದ ಬೆಂಚು ಇದೆ. ಆಡಳಿತ, ಕೋರ್ಟಿನ ಪದಗಳು ಫ್ರೆಂಚ್ ಮೂಲಕ ಬಂದ ಲ್ಯಾಟಿನ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಅಧಿಕಾರದ ಭಾಷೆ ಫ್ರೆಂಚ್ ಆಯಿತಲ್ಲ, ಅದರ ಫಲ.

ಸಮುದ್ರದ ಪದಗಳು ಅರಬ್ಬರು, ಪೋರ್ಚುಗೀಸರು, ಡಚ್ಚರನ್ನು ತೋರಿಸುತ್ತವೆ. ಪ್ರತಿ ವರ್ಷ ಜೂನ್ ಆಸುಪಾಸಿನಲ್ಲಿ ‘ಮಾನ್ಸೂನ್ ಕೇರಳ ತಲುಪಿತು’ ಅಂತ ಸುದ್ದಿ ಬರುತ್ತದೆ. ಅರಬ್ಬಿಯಲ್ಲಿ ‘ಮೌಸಿಮ್’ ಅಂದರೆ ಗೊತ್ತುಮಾಡಿದ ಕಾಲ, ಹಡಗು ಹೊರಡುವುದಕ್ಕೆ ಸರಿಯಾದ ಋತು. ಅರಬ್ಬಿ ನಾವಿಕರಿಂದ ಪೋರ್ಚುಗೀಸರು ಕೇಳಿ ‘ಮೊನ್ಸಾಂವ್’ ಅಂದರು. ಅವರಿಂದ ಡಚ್ಚರಿಗೆ, ಅಲ್ಲಿಂದ ಇಂಗ್ಲಿಷರಿಗೆ. ಹಿಂದಿಯ ‘ಮೌಸಮ್’ ಕೂಡ ಇದೇ ಅರಬ್ಬಿ ಪದ. ಈ ಪದದೊಳಗೆ ಮಳೆ ಅನ್ನುವ ಅರ್ಥವೇ ಇರಲಿಲ್ಲ. ಗಾಳಿ ನೋಡಿ ಹಡಗು ಬಿಡುವವರ ಪದ ಅದು.

ಶಿವಮೊಗ್ಗ, ಶಿರಸಿ ಮಾರುಕಟ್ಟೆಯ ಸುದ್ದಿಯಲ್ಲಿ ಬರುವ ‘ಅರೆಕಾ ನಟ್’ ಕೂಡ ಪೋರ್ಚುಗೀಸರ ಬಾಯಿಂದ ಹೋದದ್ದೇ. ಮಲಯಾಳದ ‘ಅಡಯ್ಕ’ ಅವರ ನಾಲಿಗೆಯಲ್ಲಿ ‘ಅರೆಕ’ ಆಯಿತು. ನಮ್ಮ ‘ಅಡಿಕೆ’ ಅದರ ಅಕ್ಕತಂಗಿ. ಈಗ ಅದೇ ಪದ ಇಂಗ್ಲಿಷ್ ವೇಷ ಹಾಕಿಕೊಂಡು ಮಲೆನಾಡಿಗೆ ವಾಪಸ್ ಬಂದಿದೆ.

ಎಲ್ಲ ಪದಗಳೂ ಹೀಗೆ ತಾವಾಗಿಯೇ ನಡೆದು ಬಂದವಲ್ಲ. ಕೆಲವನ್ನು ಒಬ್ಬರು ಕೂತು ಟಂಕಿಸಿದ್ದು. ‘ಸೈಕ್ಲೋನ್’ ಹುಟ್ಟಿದ್ದು ಕಲ್ಕತ್ತಾದಲ್ಲಿ. ಹೆನ್ರಿ ಪಿಡ್ಡಿಂಗ್ಟನ್ ಎಂಬ ಅಧಿಕಾರಿ ಬಂಗಾಳ ಕೊಲ್ಲಿಯ ಬಿರುಗಾಳಿಗಳ ಬಗ್ಗೆ ಹಡಗಿನ ದಾಖಲೆಗಳನ್ನು ಕಲೆಹಾಕುತ್ತಿದ್ದ. ಗಾಳಿ ನೇರವಾಗಿ ಬೀಸದೆ ಸುತ್ತುತ್ತದೆ ಅಂತ ನಾವಿಕರಿಗೆ ತಿಳಿಸಬೇಕಿತ್ತು. 1848ರಲ್ಲಿ ಅಚ್ಚಾದ ತನ್ನ ಕೈಪಿಡಿಯಲ್ಲಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಈ ಹೆಸರು ಮಾಡಿದ. ವಿಜ್ಞಾನದ ಪದ, ಮೂಲ ಗ್ರೀಕ್, ಕಾಲ ಹತ್ತೊಂಬತ್ತನೇ ಶತಮಾನ ಅಂತ ಕಂಡರೆ ಯಾರೋ ಒಬ್ಬರು ಮಾಡಿದ ಪದ ಇರಬಹುದು ಅಂತ ಹುಡುಕಿ, ಹೆಸರೇ ಸಿಗಬಹುದು.

ಪದ ಬಂದ ದಾರಿ ಮತ್ತು ವಸ್ತು ಬಂದ ದಾರಿ ಎರಡೂ ಒಂದೇ ಇರಬೇಕಾಗಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ‘ರಾಕೆಟ್’ ಇಟಾಲಿಯನ್ ಪದ. ನೂಲು ಸುತ್ತುವ ಕದಿರಿನ ತರಹದ ಆಕಾರ ನೋಡಿ ಇಟ್ಟ ಹೆಸರು. ಆದರೆ ಯುದ್ಧದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ ಎಂಥದ್ದು ಅಂತ ಬ್ರಿಟಿಷರಿಗೆ ತೋರಿಸಿದ್ದು ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್‌ಗಳನ್ನು ಇಂಗ್ಲೆಂಡಿನ ವೂಲ್‌ವಿಚ್‌ಗೆ ಸಾಗಿಸಿದರು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನದನ್ನು ಬೆಳೆಸಿದ. ಪದದ ಮೂಲ ಇಟಲಿ ಅಂದ ತಕ್ಷಣ ವಸ್ತುವಿನ ಮೂಲವೂ ಇಟಲಿ ಅಂತ ಬರೆದುಬಿಟ್ಟರೆ ಶ್ರೀರಂಗಪಟ್ಟಣ ಬಿಟ್ಟುಹೋಗುತ್ತದೆ.

ಹಂತ 5: ಅರ್ಥ ತಿರುಗಿದ ಜಾಗ ಹುಡುಕಿ

ಮೂಲ ಭಾಷೆಯಲ್ಲಿ ಒಂದು ಅರ್ಥ, ಇವತ್ತಿನ ಸುದ್ದಿಯಲ್ಲಿ ಇನ್ನೊಂದು. ನಡುವೆ ಎಲ್ಲೋ ತಿರುವು ಇರಬೇಕು. ಅದು ಸಿಗುವವರೆಗೆ ಕೆಲಸ ಮುಗಿದಿಲ್ಲ.

‘ಬಜೆಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಫ್ರೆಂಚಿನಲ್ಲಿ ‘ಬೂಝೆಟ್’ ಅಂದರೆ ಚಿಕ್ಕ ಚರ್ಮದ ಚೀಲ. ಹದಿನೈದನೇ ಶತಮಾನದ ಇಂಗ್ಲಿಷಿನಲ್ಲೂ ಅದೇ ಅರ್ಥ, ಕೈಚೀಲ. ಹಾಗಾದರೆ ಚೀಲ ಹೇಗೆ ಲೆಕ್ಕಪತ್ರ ಆಯಿತು? 1733ರಲ್ಲಿ ಬ್ರಿಟನ್ನಿನ ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ವಾಲ್‌ಪೋಲ್ ಹೊಸ ಅಬಕಾರಿ ತೆರಿಗೆಯ ಯೋಜನೆ ತಂದ. ಜನರಿಗೆ ಸಿಟ್ಟು ಬಂತು. ಅವನನ್ನು ಗೇಲಿ ಮಾಡುವ ಒಂದು ಕರಪತ್ರ ಹೊರಬಂತು. ನಾಟಿ ವೈದ್ಯ ತನ್ನ ಚೀಲ ಬಿಚ್ಚಿ ಬೂಟಾಟಿಕೆಯ ಔಷಧಿ ತೋರಿಸುವ ಹಾಗೆ ಮಂತ್ರಿ ‘ಬಜೆಟ್ ಬಿಚ್ಚಿದ’ ಅಂತ ಅದರ ವ್ಯಂಗ್ಯ. ಆ ಗೇಲಿಯ ಮಾತೇ ಮುಂದೆ ಗಂಭೀರ ಪದವಾಗಿ ಕೂತುಬಿಟ್ಟಿತು. ಇಂಡಿಯಾಕ್ಕೆ ಈ ಪದ್ಧತಿ ಬಂದದ್ದು 1860ರಲ್ಲಿ, ಜೇಮ್ಸ್ ವಿಲ್ಸನ್ ಮಂಡಿಸಿದ ಲೆಕ್ಕದೊಂದಿಗೆ. ಹಣಕಾಸು ಮಂತ್ರಿಗಳು ಚರ್ಮದ ಬ್ರೀಫ್‌ಕೇಸ್ ಎತ್ತಿ ತೋರಿಸುವ ಪದ್ಧತಿಯೂ ಹಾಗೇ ಉಳಿದುಕೊಂಡಿತ್ತು. 2019ರಲ್ಲಿ ನಿರ್ಮಲಾ ಸೀತಾರಾಮನ್ ಅದನ್ನು ಬಿಟ್ಟು ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತ ತಂದರು, 2021ರಲ್ಲಿ ಟ್ಯಾಬ್ಲೆಟ್. ಚೀಲ ಹೋಯಿತು, ಚೀಲದ ಹೆಸರು ಮಾತ್ರ ಇದೆ.

‘ಕ್ಯಾಂಡಿಡೇಟ್’ನಲ್ಲಿ ತಿರುವು ಬಟ್ಟೆಯಿಂದ. ಲ್ಯಾಟಿನ್‌ನಲ್ಲಿ ‘ಕಾಂದಿದುಸ್’ ಅಂದರೆ ಹೊಳೆಯುವ ಬಿಳಿ. ಪ್ರಾಚೀನ ರೋಮ್‌ನಲ್ಲಿ ಪದವಿಗೆ ನಿಂತವರು ತಮ್ಮ ನಿಲುವಂಗಿಗೆ ಸುಣ್ಣದ ಪುಡಿ ಉಜ್ಜಿ ಇನ್ನೂ ಬೆಳ್ಳಗೆ ಮಾಡಿಕೊಂಡು ಓಟು ಕೇಳಲು ಹೋಗುತ್ತಿದ್ದರು. ನಮ್ಮ ಚುನಾವಣೆಯ ಬಿಳಿ ಖಾದಿಗೂ ಇದಕ್ಕೂ ನೇರ ಸಂಬಂಧ ಏನಿಲ್ಲ. ಬಿಳಿ ಬಟ್ಟೆ ಹಾಕಿದರೆ ಜನ ನಂಬುತ್ತಾರೆ ಅನ್ನುವ ನಂಬಿಕೆ ಮಾತ್ರ ಎರಡು ಸಾವಿರ ವರ್ಷದಿಂದ ಕದಲಿಲ್ಲ, ಅಲ್ವಾ?

‘ಡ್ರೋನ್’ ಅಂದರೆ ಗಂಡು ಜೇನು. 1930ರ ದಶಕದಲ್ಲಿ ಬ್ರಿಟಿಷರು ಗುರಿ ಅಭ್ಯಾಸಕ್ಕೆ ರೇಡಿಯೋದಿಂದ ನಡೆಸುವ ವಿಮಾನ ಮಾಡಿ ಅದಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿ ಜೇನು ಅಂತ ಹೆಸರಿಟ್ಟಿದ್ದರು. ಅಮೆರಿಕದವರು ತಮ್ಮದಕ್ಕೆ ‘ಡ್ರೋನ್’ ಅಂದರು. ‘ರೋಬೋಟ್’ಗೆ ತಿರುವು ರಂಗಭೂಮಿಯಲ್ಲಿ ಸಿಕ್ಕಿತು. ಜೆಕ್ ಭಾಷೆಯಲ್ಲಿ ‘ರೊಬೊತ’ ಅಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಕೃತಕ ಆಳುಗಳಿಗೆ ಈ ಹೆಸರು ಕೊಟ್ಟ. ಪದ ಸೂಚಿಸಿದ್ದು ಅವನ ಅಣ್ಣ ಯೋಸೆಫ್. ಆ ನಾಟಕದ ಆಳುಗಳು ಲೋಹದವೂ ಅಲ್ಲ, ಜೀವವಸ್ತುವಿನಿಂದ ಮಾಡಿದವು.

ಇಲ್ಲೇ ಒಂದು ಎಚ್ಚರಿಕೆ. ಹಳೆಯ ಅರ್ಥವೇ ‘ನಿಜವಾದ’ ಅರ್ಥ ಅಂತ ವಾದಕ್ಕೆ ಇಳಿಯಬೇಡಿ. ‘ಕ್ವಾರಂಟೈನ್’ ಮೂಲದಲ್ಲಿ ವೆನಿಸ್‌ನವರ ನಲವತ್ತು ದಿನ. ಪ್ಲೇಗ್ ಕಾಲದಲ್ಲಿ ಹಡಗುಗಳನ್ನು ಅಷ್ಟು ದಿನ ದೂರ ನಿಲ್ಲಿಸುತ್ತಿದ್ದರು. ಅದಕ್ಕೂ ಮೊದಲು, 1377ರಲ್ಲಿ, ಈಗಿನ ದುಬ್ರೊವ್ನಿಕ್ ಊರಿನವರು ಮೂವತ್ತು ದಿನ ನಿಲ್ಲಿಸುವ ನಿಯಮ ಮಾಡಿದ್ದರು. 2020ರಲ್ಲಿ ನಮ್ಮಲ್ಲಿ ಕೈಗೆ ಮುದ್ರೆ ಒತ್ತಿ ಮನೆಯಲ್ಲಿ ಕೂರಿಸಿದ್ದು ಹದಿನಾಲ್ಕು ದಿನ. ಹದಿನಾಲ್ಕಕ್ಕೆ ಕ್ವಾರಂಟೈನ್ ಅನ್ನಬಾರದು ಅಂತ ಯಾರೂ ಜಗಳ ಮಾಡಲಿಲ್ಲ. ಹಾಗೆಯೇ ‘ಮಿನಿಸ್ಟರ್’ ಅಂದರೆ ಲ್ಯಾಟಿನ್‌ನಲ್ಲಿ ಸೇವಕ. ಭಾಷಣಕ್ಕೆ ಒಳ್ಳೆಯ ಸಾಲು, ಆದರೆ ಇಂದಿನ ಮಿನಿಸ್ಟರ್ ಹೇಗಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಹಂತ 6: ಕಥೆ ತುಂಬ ಚೆನ್ನಾಗಿದ್ದರೆ ತಡೆದು ನೋಡಿ

ಮೊದಲ ಅನುಮಾನ ಅಕ್ಷರಗಳ ಕಥೆಯ ಮೇಲೆ. ಪದಗಳ ಮೊದಲ ಅಕ್ಷರ ಜೋಡಿಸಿ ಹೊಸ ಪದ ಮಾಡುವ ರೂಢಿ ಹರಡಿದ್ದು ಇಪ್ಪತ್ತನೇ ಶತಮಾನದಲ್ಲಿ. ‘ರೇಡಾರ್’ ಹಾಗೆ ಹುಟ್ಟಿದ್ದು, ‘ಲೇಸರ್’ ಹಾಗೆ ಹುಟ್ಟಿದ್ದು, ‘ಕೋವಿಡ್’ ಹಾಗೆ ಹುಟ್ಟಿದ್ದು. ಅದಕ್ಕಿಂತ ಹಳೆಯ ಪದಕ್ಕೆ ಇಂಥ ಕಥೆ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಸುಳ್ಳೇ.

ಶ್ರೀಮಂತ ಠೀವಿಯದು ಅನ್ನುವ ಅರ್ಥದ ‘ಪಾಶ್’ ಕಥೆ ನಮಗೆ ಹತ್ತಿರದ್ದು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಹಡಗಿನಲ್ಲಿ, ಬರುವಾಗ ಎಡಬದಿಯ ಕ್ಯಾಬಿನ್, ಹೋಗುವಾಗ ಬಲಬದಿಯದು ತಂಪು. ಶ್ರೀಮಂತರ ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ನ ನಾಲ್ಕು ಅಕ್ಷರದ ಮುದ್ರೆ ಇರುತ್ತಿತ್ತಂತೆ. ಆದರೆ ಅಂಥ ಮುದ್ರೆ ಇರುವ ಟಿಕೆಟ್ ಒಂದೂ ಇದುವರೆಗೆ ಸಿಕ್ಕಿಲ್ಲ. ಪದ ಅಚ್ಚಿನಲ್ಲಿ ಕಾಣಿಸಿದ ಎಷ್ಟೋ ವರ್ಷಗಳ ಮೇಲೆ, 1930ರ ದಶಕದಲ್ಲಿ, ಈ ಕಥೆ ಕಾಣಿಸಿತು. ಈಗ ಸುದ್ದಿಯಲ್ಲಿ ಬರುವ ‘ಪಾಶ್ ಕಾಯ್ದೆ’, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು, ಅದರ ಹೆಸರು ಮಾತ್ರ ನಿಜವಾಗಿಯೂ ಅಕ್ಷರ ಜೋಡಿಸಿ ಮಾಡಿದ್ದು. ಮೊದಲ ಹಂತ ಮರೆತವರು ಇವೆರಡನ್ನೂ ಬೆರೆಸಿಬಿಡುತ್ತಾರೆ.

ಎರಡನೇ ಪರೀಕ್ಷೆ ತಾರೀಖು. ‘ಲಾಬಿ’ ಹುಟ್ಟಿದ್ದು ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ವಾಷಿಂಗ್ಟನ್‌ನ ವಿಲರ್ಡ್ ಹೋಟೆಲಿನ ಮೊಗಸಾಲೆಯಲ್ಲಿ ಕೂತಾಗ ಕೆಲಸ ಮಾಡಿಸಿಕೊಳ್ಳಲು ಬಂದವರು ಸುತ್ತುವರಿಯುತ್ತಿದ್ದರಿಂದ ಅಂತ ಹೇಳುತ್ತಾರೆ. ಗ್ರಾಂಟ್ ಅಧ್ಯಕ್ಷನಾದದ್ದು 1869ರಲ್ಲಿ. ರಾಜಕೀಯದ ಅರ್ಥದಲ್ಲಿ ‘ಲಾಬಿ’ ಅದಕ್ಕೆ ದಶಕಗಳ ಮೊದಲೇ ಬಳಕೆಯಲ್ಲಿತ್ತು. ಮುಗಿಯಿತು.

ಮೂರನೆಯದು ಸ್ವಲ್ಪ ಸೂಕ್ಷ್ಮ, ಅರ್ಧ ನಿಜದ ಕಥೆಗಳು. ‘ಸ್ಯಾಲರಿ’ ಪದದಲ್ಲಿ ಲ್ಯಾಟಿನ್ನಿನ ಉಪ್ಪು ಇರುವುದು ಹೌದು. ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಅನ್ನುವುದಕ್ಕೆ ಆ ಕಾಲದ ಆಧಾರ ಇಲ್ಲ. ‘ಸಬೋಟಾಜ್’ನಲ್ಲಿ ಫ್ರೆಂಚರ ಮರದ ಚಪ್ಪಲಿ ಇರುವುದು ಹೌದು. ಕಾರ್ಮಿಕರು ಅದನ್ನು ಯಂತ್ರಕ್ಕೆ ಎಸೆದದ್ದರಿಂದ ಪದ ಬಂತು ಅನ್ನುವುದಕ್ಕೆ ಆಧಾರ ಇಲ್ಲ. ಆ ಚಪ್ಪಲಿ ಹಾಕಿ ಕಟಕಟ ಅಂತ ಒರಟಾಗಿ ನಡೆಯುವುದು, ಅಲ್ಲಿಂದ ಕೆಲಸ ಕೆಡಿಸುವುದು ಅಂತ ಅರ್ಥ ಬೆಳೆದದ್ದು.

ಹಾಗಂತ ಎಲ್ಲ ಚೆಂದದ ಕಥೆಯೂ ಸುಳ್ಳಲ್ಲ. ‘ಬಾಯ್ಕಾಟ್’ ಕಥೆ ನಿಜ, ಮತ್ತು ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ. 1880ರಲ್ಲಿ ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿ ಚಾರ್ಲ್ಸ್ ಬಾಯ್ಕಾಟ್ ಎಂಬ ಮಾಜಿ ಸೇನಾಧಿಕಾರಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪಾರುಪತ್ಯಗಾರನಾಗಿದ್ದ. ಗೇಣಿ ಇಳಿಸಿ ಅಂತ ರೈತರು ಕೇಳಿದರು, ಅವನು ಒಕ್ಕಲೆಬ್ಬಿಸಲು ಹೊರಟ. ಊರವರು ಅವನನ್ನು ಮುಟ್ಟಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟರು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಅಂಚೆಯೂ ತಲುಪಲಿಲ್ಲ. ಕೊನೆಗೆ ಬೆಳೆ ಕೊಯ್ಯಲು ಉತ್ತರದ ಅಲ್‌ಸ್ಟರ್‌ನಿಂದ ಸುಮಾರು 50 ಮಂದಿಯನ್ನು ಕರೆಸಿ, ಅವರ ಕಾವಲಿಗೆ ನೂರಾರು ಸೈನಿಕರನ್ನು ನಿಲ್ಲಿಸಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಜಾಸ್ತಿ ಬಂತು. ಅದೇ ವರ್ಷ ಅವನ ಹೆಸರು ಕ್ರಿಯಾಪದವಾಗಿ ಪತ್ರಿಕೆಗಳಲ್ಲಿ ಓಡಾಡತೊಡಗಿತು.

ಇದನ್ನು ಯಾಕೆ ನಂಬಬೇಕು? ಮನುಷ್ಯನ ಹೆಸರಿದೆ, ಊರಿದೆ, ವರ್ಷ ಇದೆ, ಆ ಕಾಲದ ಪತ್ರಿಕೆಗಳೇ ಸಾಕ್ಷಿ ಹೇಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಘಟನೆಗೆ ಮುಂಚೆ ಈ ಪದ ಎಲ್ಲೂ ಇಲ್ಲ. ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆಯಲ್ಲಿ ಕೇಳಿಬರುವ ‘ಜೆರಿಮ್ಯಾಂಡರ್’ ಕೂಡ ಇದೇ ಪರೀಕ್ಷೆ ಪಾಸಾಗುತ್ತದೆ. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ಕಾಲದಲ್ಲಿ ಒಂದು ಕ್ಷೇತ್ರವನ್ನು ಪಕ್ಷಕ್ಕೆ ಅನುಕೂಲವಾಗುವಂತೆ ಎಳೆದಾಡಿ ಬರೆದಿದ್ದರು. ಅದು ಸಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಆಕಾರದಲ್ಲಿತ್ತು. ಬಾಸ್ಟನ್‌ನ ಪತ್ರಿಕೆಯೊಂದು ವ್ಯಂಗ್ಯಚಿತ್ರ ಹಾಕಿ ಎರಡೂ ಹೆಸರನ್ನು ಸೇರಿಸಿಬಿಟ್ಟಿತು. ಆ ಪತ್ರಿಕೆಯನ್ನು ಇವತ್ತೂ ನೋಡಬಹುದು.

ಹಂತ 7: ‘ಇದು ನಮ್ಮದೇ ಪದ’ ಅನ್ನುವ ಮೊದಲು

ಹಂತ 3ರಲ್ಲಿ ನಾನು ಹೇಳಿದ ಹಳ್ಳ ಇದೇ. ‘ವೈರಸ್’ ಮೂಲದಲ್ಲಿ ಲ್ಯಾಟಿನ್, ಅರ್ಥ ವಿಷ. ನಿಘಂಟಿನಲ್ಲಿ ಪಕ್ಕದಲ್ಲೇ ಸಂಸ್ಕೃತದ ‘ವಿಷ’ ಕೂಡ ಕಾಣುತ್ತದೆ. ತಕ್ಷಣ ‘ವೈರಸ್ ಬಂದದ್ದು ಸಂಸ್ಕೃತದಿಂದ’ ಅಂತ ಫಾರ್ವರ್ಡ್ ತಯಾರಾಗುತ್ತದೆ. ಹಾಗಲ್ಲ. ಎರಡೂ ಒಂದೇ ಅಜ್ಜಿಯ, ಅಂದರೆ ಪಿಐಇಯ, ಮೊಮ್ಮಕ್ಕಳು, ಒಂದು ಇನ್ನೊಂದರ ಮಗು ಅಲ್ಲ. ‘ಕ್ಯಾಂಡಿಡೇಟ್’ ಹಿಂದಿನ ಹೊಳಪಿಗೂ ನಮ್ಮ ‘ಚಂದ್ರ’ನಿಗೂ ಇದೇ ತರಹದ ನೆಂಟು. ನಿಘಂಟಿನಲ್ಲಿ ‘ಇಂಥ ಭಾಷೆಯಿಂದ’ ಅಂತ ಇದೆಯೋ, ‘ಇದಕ್ಕೆ ಸಂಬಂಧಿ’ ಅಂತ ಇದೆಯೋ ನೋಡಿ. ಎಲ್ಲ ವ್ಯತ್ಯಾಸ ಆ ಒಂದು ಮಾತಿನಲ್ಲಿದೆ.

ನಿಜವಾಗಿ ಇಲ್ಲಿಂದ ಹೋದವೂ ಇವೆ. ‘ಲೂಟ್’ ಹಿಂದಿಯಿಂದ ಹೋದದ್ದು, ‘ಪಂಡಿಟ್’ ಪಂಡಿತ, ಕ್ರಿಕೆಟ್ ಸುದ್ದಿಯಲ್ಲಿ ತಡೆಯಲಾಗದ ಓಟಕ್ಕೆ ಹೇಳುವ ‘ಜಗರ್‌ನಾಟ್’ ಪುರಿಯ ಜಗನ್ನಾಥನ ರಥ. ಇವುಗಳಿಗೆ ಯಾರು, ಯಾವಾಗ, ಯಾವ ಪುಸ್ತಕದಲ್ಲಿ ಬರೆದರು ಅನ್ನುವ ದಾಖಲೆ ಇದೆ, ಹಾಬ್ಸನ್-ಜಾಬ್ಸನ್‌ನಲ್ಲಿ ನೋಡಿ. ‘ಜಂಗಲ್’ ನೋಡುವಾಗ ಮಾತ್ರ ಅರ್ಥದ ಮೇಲೆ ಕಣ್ಣಿಡಿ. ಸಂಸ್ಕೃತದ ‘ಜಾಂಗಲ’ ಒಣ, ಕುರುಚಲು ಭೂಮಿ. ಆಯುರ್ವೇದದಲ್ಲಿ ಜಾಂಗಲ ದೇಶ ಅಂದರೆ ಈಗಲೂ ಅದೇ. ಇಂಗ್ಲಿಷಿನಲ್ಲಿ ಅದು ನೀರು ತೊಟ್ಟಿಕ್ಕುವ ದಟ್ಟ ಕಾಡಾಗಿಬಿಟ್ಟಿದೆ.

ಇನ್ನು ಬರೀ ಕಾಕತಾಳೀಯ. ಇಂಗ್ಲಿಷಿನ ‘ಬ್ಯಾಡ್’ ಮತ್ತು ಬದ್ಮಾಷ್, ಬದ್ನಾಮ್‌ಗಳಲ್ಲಿ ಇರುವ ಪರ್ಷಿಯನ್ ‘ಬದ್’, ಎರಡಕ್ಕೂ ಅರ್ಥ ಕೆಟ್ಟ. ಸದ್ದು ಹೆಚ್ಚುಕಮ್ಮಿ ಒಂದೇ. ಆದರೂ ಎರಡಕ್ಕೂ ಸಂಬಂಧ ಇಲ್ಲ ಅನ್ನುವುದೇ ಪಂಡಿತರ ತೀರ್ಮಾನ. ಸದ್ದು ಹೋಲುವುದು ಸುಳಿವು ಮಾತ್ರ. ದಾರಿ ತೋರಿಸಲು ಆಗದಿದ್ದರೆ ಬಿಟ್ಟುಬಿಡಿ.

ಹಂತ 8: ನಾಲ್ಕು ಸಾಲಿನಲ್ಲಿ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಪದ ಮತ್ತು ಸುದ್ದಿಯ ವಾಕ್ಯ ಒಂದು ಸಾಲು. ಬಂದ ದಾರಿ ಒಂದು ಸಾಲು. ಅರ್ಥ ತಿರುಗಿದ ಜಾಗ, ವರ್ಷದ ಸಮೇತ, ಒಂದು ಸಾಲು. ಕೊನೆಯ ಸಾಲಿನಲ್ಲಿ ಚಾಲ್ತಿಯಲ್ಲಿರುವ ಸುಳ್ಳು ಕಥೆ ಇದ್ದರೆ ಅದು. ಸುಳ್ಳನ್ನೂ ಬರೆದಿಡುವುದು ಯಾಕೆ ಅಂದರೆ, ಮುಂದಿನ ತಿಂಗಳು ಅದೇ ಫಾರ್ವರ್ಡ್ ಮತ್ತೆ ಬರುತ್ತದೆ.

ನಿಘಂಟು ‘ಮೂಲ ತಿಳಿಯದು’ ಅಂದರೆ ಹಾಗೆಯೇ ಬರೆಯಿರಿ. ‘ಸ್ಕ್ಯಾಮ್’ ಹಾಗೇ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಆಡುಮಾತಿನಲ್ಲಿ ಕಾಣಿಸುತ್ತದೆ, ಅದರ ಹಿಂದೆ ದಾರಿ ಮಸುಕು. ವಾರಕ್ಕೊಂದು ಸ್ಕ್ಯಾಮ್ ಹೊರಬರುವ ದೇಶದಲ್ಲಿ ಆ ಪದದ ಅಪ್ಪ ಯಾರು ಅಂತಲೇ ಗೊತ್ತಿಲ್ಲ.

ಅಭ್ಯಾಸಕ್ಕೆ ಮೊದಲು ‘ಸ್ಟ್ರೈಕ್’ ಹಿಡಿಯಿರಿ, ಸಾರಿಗೆ ನೌಕರರ ಮುಷ್ಕರದ ಸುದ್ದಿಯಿಂದ. 1768ರಲ್ಲಿ ಲಂಡನ್ನಿನ ನಾವಿಕರು ಹಡಗಿನ ಹಾಯಿಗಳನ್ನು ಇಳಿಸಿದ್ದು ನಿಮಗೆ ಬೇಗ ಸಿಗುತ್ತದೆ. ಆಮೇಲೆ ‘ಸ್ಲೋಗನ್’. ಅದರ ಹಿಂದೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಯುದ್ಧದ ಕೂಗು ಇದೆ. ‘ಎಲ್ ನಿನೋ’ ನೋಡಿ. ಮಳೆ ಕಡಿಮೆ ಆಗುವ ವರ್ಷದಲ್ಲಿ ನಮ್ಮ ರೈತರನ್ನು ಹೆದರಿಸುವ ಈ ಪದಕ್ಕೂ ಪೆರುವಿನ ಮೀನುಗಾರರ ಕ್ರಿಸ್‌ಮಸ್‌ಗೂ ಇರುವ ನಂಟು ಹುಡುಕುವುದು ಖುಷಿ ಕೊಡುತ್ತದೆ.

ಕೈ ಪಳಗಿದ ಮೇಲೆ ‘ಡೆಡ್‌ಲೈನ್’ ತೆಗೆಯಿರಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆ ಶಿಬಿರದ ಒಳಗೆ ಒಂದು ಗೆರೆ ಇತ್ತು. ದಾಟಿದವರಿಗೆ ಕಾವಲುಗಾರರು ಗುಂಡು ಹೊಡೆಯುತ್ತಿದ್ದರು. ಆ ಗೆರೆಗೆ ಇದೇ ಹೆಸರು. ಪತ್ರಿಕೆಯವರ ಗಡುವಿನ ಅರ್ಥ ಬಂದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಅಚ್ಚಿನ ಯಂತ್ರದಲ್ಲೂ ಒಂದು ‘ಡೆಡ್‌ಲೈನ್’ ಇತ್ತು, ಅದರಾಚೆಗೆ ಅಕ್ಷರದ ಅಚ್ಚುಮೊಳೆ ಜೋಡಿಸಿದರೆ ಅಚ್ಚಾಗುತ್ತಿರಲಿಲ್ಲ. ಜೈಲಿನ ಗೆರೆ, ಯಂತ್ರದ ಗೆರೆ, ಸಂಪಾದಕರ ಗಡುವು. ಇವುಗಳಲ್ಲಿ ಯಾವುದರಿಂದ ಯಾವುದಕ್ಕೆ ದಾರಿ ಇದೆ ಅನ್ನುವುದನ್ನು ಹಳೆಯ ಪತ್ರಿಕೆಗಳ ಸಾಲು ಹಿಡಿದು ನೀವೇ ನೋಡಿ.